ಟವೆಲ್ ಕೆಳಗೆ ಕೊಂಡ ಮನೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಾನೂ ಹೆಂಡತಿ ಸುಜಾತಾಳೂ ಅಥಣಿಯಲ್ಲಿ ಒಂದು ಮನೆ ಕೇಳಲು ಹೋಗಿದ್ದೆವು. ನಮ್ಮ ಮೊದಲ ಮನೆ. ಎಷ್ಟರಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಬೈಕಿನ ಮೇಲೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಮನೆಯ ಮಾಲೀಕರು ಎತ್ತಿನ ವ್ಯಾಪಾರದಲ್ಲೇ ತಲೆ ಹಣ್ಣಾದ ಹಿರಿಯರು. ನಾನು ಬಾಯಿ ತೆರೆಯುವಷ್ಟರಲ್ಲಿ, "ರೇಟ್ ಬಾಯಿಲೆ ಹೇಳಬ್ಯಾಡ್ರಿ, ಓಣಿ ಮಂದಿ ಕಿವಿ ಎಲ್ಲಾ ಇಲ್ಲೇ ಅದಾವ" ಎಂದು ಹೆಗಲ ಟವೆಲನ್ನು ನನ್ನ ಕೈಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಹಿಚುಕಿದರು. ದನದ ಸಂತೆಯಲ್ಲಿ ಹೀಗೆ ಬೆರಳು ಹಿಡಿದೇ ಬೆಲೆ ಹೇಳುತ್ತಾರೆಂದು ಕೇಳಿದ್ದೆ. ಯಾವ ಬೆರಳಿಗೆ ಎಷ್ಟು ಎಂಬುದು ಗೊತ್ತಿರಲಿಲ್ಲ. ಸುಮ್ಮನಿದ್ದರೆ ಮರ್ಯಾದೆಯಲ್ಲವೆಂದು ನಾನೂ ಹಿಚುಕಿದೆ.

ಹಿರಿಯರ ಮುಖ ಅರಳಿತು. "ಇಂಥಾ ಗಿರಾಕಿ ನೋಡಿಲ್ಲ ಬಿಡ್ರಿ. ನಾ ಕೇಳಿದ್ದಕ್ಕಿಂತ ಜಾಸ್ತಿ ಕೊಡಾಕತ್ತೀರಿ."

ಸುಜಾತಾ ಚಿಂಚಲಿಯವಳು, ದನದ ಸಂತೆಯಲ್ಲೇ ಆಡಿ ಬೆಳೆದವಳು. "ಕೈ ತಗೀರಿ ನೀವು" ಎಂದು ನನ್ನನ್ನು ಸರಿಸಿ, ತಾನೇ ಟವೆಲ್ ಒಳಗೆ ಕೈ ಹಾಕಿದಳು. "ಕಾಕಾ, ಹಿತ್ತಲ ಗ್ವಾಡಿ ಬಿರಕ ಬಿಟ್ಟೈತಿ" ಎಂದಳು. ಟವೆಲ್ ಅಲುಗಿತು. "ಮಾಳಿಗಿ ಸೋರತೈತಿ." ಮತ್ತೆ ಅಲುಗಿತು.

"ಸಾಕವಾ, ಮನಿ ಪುಕ್ಕಟ ಒಯ್ತಿ ಏನ?" ಎಂದು ಹಿರಿಯರು ನಕ್ಕು, ಒಳಗಿನವರಿಗೆ ಬೆಲ್ಲ ತರಲು ಹೇಳಿದರು.

ಮನೆ ನಮ್ಮದಾಯಿತು. ಎಷ್ಟಕ್ಕೆ ಎಂದು ಕೇಳಿದರೆ, "ಟವೆಲ್ ಒಳಗಿನ ಮಾತು ಹೊರಗ ಆಡಬಾರ್ದ್ರಿ" ಅನ್ನುತ್ತಾಳೆ. ನಾಳೆ ಬ್ಯಾಂಕಿಗೆ ಸಾಲ ಕೇಳಲು ಹೋಗಬೇಕು. ಎಷ್ಟು ಬೇಕೆಂದು ಮ್ಯಾನೇಜರ್ ಕೇಳಿದರೆ ಅವರ ಕೈಮೇಲೂ ಟವೆಲ್ ಹೊದಿಸಿ, ಇವಳನ್ನೇ ಮುಂದೆ ಬಿಡುತ್ತೇನೆ.