ಮಣ್ಣು ಕೇಳದ ಕಬ್ಬಿಣ

ಅವರ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಕುಲುಮೆಯಿಂದ ಸಿಡಿದ ಕಿಡಿಯೊಂದು ಅದನ್ನು ಬೇರುಸಹಿತ ಸುಟ್ಟಿತ್ತು. ಹೀಗಾಗಿ ಎದುರಿಗಿದ್ದವನು ಏನೇ ಹೇಳಲಿ, ಕಂಬಾರ ಕಾಕಾ ಅದನ್ನು ಅರ್ಧವಷ್ಟೇ ನಂಬಿದವರಂತೆ ಕಾಣುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ವಿಜಯಪುರದ ಸರಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ. ಸಂಜೆ ತಿಕೋಟಾದಲ್ಲಿ ಬಸ್ಸಿಳಿದು ಅವರ ಕುಲುಮೆಯ ಮುಂದೆ ಕೂರುವುದು ನನ್ನ ರೂಢಿ. ಬೀಜ ಬಿತ್ತುವ ಕೂರಿಗೆಗೆ ನೆಲ ಸೀಳುವ ಕುಡ ಮಾಡಿಸಲು ಬಂದವರಿಗೆ ಅವರ ಮೊದಲ ಪ್ರಶ್ನೆ ಒಂದೇ: "ಮಣ್ಣ ತಂದೀಯೇನು?" ಹೊಲದ ಹಿಡಿ ಮಣ್ಣನ್ನು ಅರಿವೆಯಲ್ಲಿ ಕಟ್ಟಿ ತರದವನು ಬರಿಗೈಯಲ್ಲಿ ಮರಳಬೇಕು. ಆ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳಿಗೆ ಎಷ್ಟು ಅಂಟಿತೆಂದು ನೋಡಿದ ಮೇಲೆಯೇ ಬಸ್ಸಿನ ಹಳೆಯ ಕಮಾನು ಪಟ್ಟಿ ಬೆಂಕಿಗೆ ಹೋಗುತ್ತಿತ್ತು. ಕೆಲಸ ಮುಗಿದಾಗ ಕುಡದ ಬೆನ್ನಿಗೆ ಅವರ ಗುರುತಿನ ಮೂರು ಚುಕ್ಕೆ.

"ಹೆಣ್ಣ ನೋಡಾಕ ಹೋದ್ರೂ ಇಷ್ಟ ಕೇಳೂದಿಲ್ಲ ಬಿಡೋ ಕಾಕಾ," ಎಂದು ಘೋಣಸಗಿಯ ರೈತನೊಬ್ಬ ರೇಗಿಸಿದ.

"ಹೆಣ್ಣ ಹೊಂದಿಕೊಂಡ ಹೋಗತಾಳಲೇ. ಎರಿ ಹೊಲ ಹೊಂದಿಕೊಳ್ಳೂದಿಲ್ಲ." ಆಮೇಲೆ ನನ್ನತ್ತ ತಿರುಗಿ, "ಮಣ್ಣ ಕೇಳದ ಕಬ್ಬಣ ಬಡೀಬಾರದು, ತಮ್ಮಾ."

ಅವರು ಕಟ್ಟಿದ ಕೂರಿಗೆಯಲ್ಲಿ ಗಾಲಿ ತಿರುಗಿದಂತೆ ಜೋಳದ ಕಾಳು ತಾನಾಗಿಯೇ ಉದುರುತ್ತಿತ್ತು. ಕುಡಕ್ಕೆ ಜಿಗುಟಾದ ಕಪ್ಪು ಎರೆಮಣ್ಣು ಹಸಿಯಿದ್ದರೂ ಮೆತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಸುತ್ತೋಲೆ ಬಂತು: ದೇಶವು ಸ್ವಂತ ತಂತ್ರಜ್ಞಾನದಿಂದಲೇ ಮುಂದೆ ಬರಬೇಕು, ಸ್ಥಳೀಯ ಆವಿಷ್ಕಾರಗಳನ್ನು ಗುರುತಿಸಬೇಕು. ಮಂಜೂರಾದವರಿಗೆ ಹೊಸ ಉಕ್ಕಿನ ಪರವಾನಗಿ. ಗುಜರಿ ಹುಡುಕಿ ಅಲೆಯುತ್ತಿದ್ದ ಕಾಕಾನಿಗೆ ಆ ಉಕ್ಕು ಸಿಕ್ಕಿದ್ದರೆ ಸುತ್ತಲಿನ ಊರುಗಳಿಗೆಲ್ಲ ಕೂರಿಗೆ ಮಾಡಿಕೊಡಬಹುದಿತ್ತು. ಅರ್ಜಿ ಬರೆದವನು ನಾನು. ಒಲ್ಲೆನೆಂದ ಕಾಕಾನನ್ನು ಒಪ್ಪಿಸಿದವನೂ ನಾನೇ.

ಪರೀಕ್ಷೆ ನಡೆದದ್ದು ಕಚೇರಿಯ ಹಿಂದಿನ, ಕಲ್ಲುಹರಳು ತುಂಬಿದ ಗಟ್ಟಿ ಗರಸಿನ ಬಯಲಿನಲ್ಲಿ. ನಾಲ್ಕು ಕುರ್ಚಿಗಳಿದ್ದವು, ಎರಡು ಖಾಲಿ. ಕಾಕಾನಿಗೆ ಯಾರೂ ಕೂರಲು ಹೇಳಲಿಲ್ಲ.

"ನಕ್ಷೆ ಎಲ್ಲಿ?" ಎಂದರು ಇಂಜಿನಿಯರು.

"ಎತ್ತಿನ ಕಾಲಾಗ ಐತ್ರಿ, ಸಾಹೇಬ್ರ."

"ತಮಾಷೆ ಬೇಡ. ಇಲ್ಲೇ ನಡೆಸಿ ತೋರಿಸು."

"ಇದು ಗರಸ ಐತ್ರಿ. ನನ್ನ ಕುಡ ಎರಿ ಹೊಲದ್ದು. ಹೊನವಾಡಕ್ಕ ಬರ್ರಿ, ತೋರಸ್ತೇನಿ."

"ನಮಗೇನು ಬೇರೆ ಕೆಲಸವಿಲ್ಲವೇ?"

ಗರಸಿನ ಮೇಲೆ ಕಾಕಾನ ಕೂರಿಗೆ ಜಿಗಿಜಿಗಿದು ಕಾಳು ಚೆಲ್ಲಿತು. ಪಕ್ಕದಲ್ಲೇ ದೂರದ ಕಾರಖಾನೆಯೊಂದರ ಕೂರಿಗೆ ಸರಾಗವಾಗಿ ಓಡಿತು. ಕಾಕಾನದು ‘ಅಯೋಗ್ಯ’ ಎಂಬ ಪತ್ರ ಬೆರಳಚ್ಚಾದದ್ದು ನನ್ನ ಮೇಜಿನ ಮೇಲೆ.

ಹಿಂಗಾರಿ ಬಿತ್ತನೆಗೆ ಕಾರಖಾನೆಯ ಕೂರಿಗೆಗಳನ್ನು ಊರೂರಿಗೆ ಹಂಚಿದರು. ಎರೆಹೊಲದಲ್ಲಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವು ಕೆಸರಿನ ಮುದ್ದೆಗಳಾದವು. ಹೊನವಾಡ, ಅರಕೇರಿಯ ರೈತರು ಅವನ್ನು ಬಂಡಿಯಲ್ಲಿ ಹೇರಿಕೊಂಡು ಕಾಕಾನ ಬಳಿಗೇ ಬಂದರು. ಕಾಕಾ ಒಂದು ಕಟುಮಾತನ್ನೂ ಆಡಲಿಲ್ಲ. "ಮಣ್ಣ ತಂದೀರೇನು?" ಎಂದು ಕೇಳಿ, ಒಂದೊಂದಕ್ಕೂ ತಮ್ಮ ಕುಡ ಜೋಡಿಸಿಕೊಟ್ಟರು.

ಮರುವರ್ಷ ಬಬಲೇಶ್ವರದ ರೈತನೊಬ್ಬ ಇಲಾಖೆ ಹಂಚಿದ ಪುಸ್ತಿಕೆ ಹಿಡಿದು ಕುಲುಮೆಗೆ ಬಂದ. ನಾನೂ ಅಲ್ಲಿದ್ದೆ. "ಕಾಕಾ, ಚಿತ್ರದಾಗ ನಿನ್ನ ಕುಡ ಬಂದೈತಿ ನೋಡು! ಸರಕಾರಕ್ಕ ನಿನ್ನ ಬಿಟ್ರ ಗತಿ ಇಲ್ಲ!" ಕಾರಖಾನೆಯ ಕೂರಿಗೆಗೆ ಜೋಡಿಸಿದ್ದ ಕುಡದ ಬೆನ್ನಲ್ಲಿ ಮೂರು ಚುಕ್ಕೆಗಳು ಸ್ಪಷ್ಟವಾಗಿದ್ದವು. ಅಕ್ಷರ ಬಾರದ ಕಾಕಾ ಪುಸ್ತಿಕೆಯನ್ನು ನನಗೆ ಕೊಟ್ಟರು.

"ಕೆಳಗ ಏನ ಬರದಾರ, ಓದು ತಮ್ಮಾ."

ಓದಿದೆ: "ಇಲಾಖೆಯ ತಾಂತ್ರಿಕ ಶಾಖೆಯು ರೂಪಿಸಿದ ಸುಧಾರಿತ ಕುಡ."

"ಇದನ್ನ ಟೈಪ್ ಮಾಡಿದವರು?"

"ನಾನ, ಕಾಕಾ. ಸಾಹೇಬ್ರು ಹೇಳಿದ್ರು..."

"ಮೂರ ಚುಕ್ಕಿ ನಿನಗ ಗೊತ್ತಿದ್ದಿಲ್ಲೇನು?"

ನಾನು ಪುಸ್ತಿಕೆ ಮಡಚಿದೆ. ಅವರು ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಅಡೆಗಲ್ಲಿನ ಮೇಲಿಟ್ಟರು. "ಏಳ್ರಿ ಸಾಹೇಬ್ರ, ಕಿಡಿ ಹಾರತಾವ."

ಅಂದಿನಿಂದ ನಾನು ‘ತಮ್ಮಾ’ ಆಗಲಿಲ್ಲ. ಆ ಇಂಜಿನಿಯರ ಒಂದೊಂದು ಮಾತೂ ನನಗೆ ನೆನಪಿದೆ. ಅವರನ್ನು ನಾನು ಕ್ಷಮಿಸಿಲ್ಲ. ಆದರೆ ಆ ಸಾಲನ್ನು ಹಾಳೆಗಿಳಿಸಿದ ಹತ್ತು ಬೆರಳು ಅವರವಲ್ಲ.

ದಶಕದ ಕೊನೆಯಲ್ಲಿ ಕಾಕಾ ಪುಪ್ಪುಸದ ಬೇನೆಯಿಂದ ವಿಜಯಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು ನೋಡಲು ಹೋಗಿದ್ದೆ. ಹುಬ್ಬಿಲ್ಲದ ಆ ಕಣ್ಣು ತೆರೆದು, ಮಂಚದ ಬದಿಗಿದ್ದ ಒಂದೇ ಒಂದು ಸ್ಟೂಲಿನತ್ತ ಅವರು ಕೈ ತೋರಿದರು.

"ಬರ್ರಿ ಸಾಹೇಬ್ರ, ಕುಂದರ್ರಿ."

ನಾನು ನಿಂತೇ ಇದ್ದೆ.