ಲಕ್ಷ ದಾಟಿದ ಮನೆ: ಫಾರ್ಮ್ ನಂಬರ್ 31

1998ರ ನವೆಂಬರ್ 23, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪುಣೆಯ ಒಂದು ಖಾಸಗಿ ಸಮೀಕ್ಷಾ ಸಂಸ್ಥೆಯಲ್ಲಿ ನಾನು ಇನ್ವೆಸ್ಟಿಗೇಟರ್ ಆಗಿ ಸೇರಿ ಅಂದಿಗೆ ಐವತ್ತೆರಡನೆಯ ದಿನ. ಇನ್ವೆಸ್ಟಿಗೇಟರ್ ಎಂದರೆ ಪತ್ತೇದಾರಿಕೆಯೇನಲ್ಲ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮ್ ತುಂಬುವ ಕೆಲಸ. ಫಾರ್ಮ್ ಒಂದಕ್ಕೆ ನಲವತ್ತು ರೂಪಾಯಿ. ನನಗಾಗ ಇಪ್ಪತ್ತಮೂರು ವರ್ಷ. ಹುಟ್ಟಿ ಬೆಳೆದದ್ದು ಪುಣೆಯಲ್ಲೇ ಆದರೂ ಮನೆಮಾತು ಕನ್ನಡವಾದ್ದರಿಂದ ಊರಿನ ಕನ್ನಡ ಮನೆಗಳನ್ನು ನನಗೇ ಒಪ್ಪಿಸಿದ್ದರು. ಒಟ್ಟು ಅರವತ್ತು ಮನೆ. ಅವು ಸರಿಯಾಗಿ ಮುಗಿದರೆ ಜನವರಿಯಿಂದ ತಿಂಗಳ ಸಂಬಳದ ಖಾಯಂ ಹುದ್ದೆ ಕೊಡುವುದಾಗಿ ಸೂಪರ್‌ವೈಸರ್ ಪಾಟೀಲ ಸರ್ ಹೇಳಿದ್ದರು. ಅಪ್ಪ ನಿವೃತ್ತರಾಗಿ ಏಳು ತಿಂಗಳಾಗಿತ್ತು. ಆ ಹುದ್ದೆ ನನಗೆ ಬೇಕೇ ಬೇಕಿತ್ತು.

ಅಂದು ಪಾಟೀಲ ಸರ್ ನನ್ನ ಎರಡು ಫಾರ್ಮ್‌ಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

ಆ ಫಾರ್ಮಿನ ಬಗ್ಗೆ ಸ್ವಲ್ಪ ಹೇಳಬೇಕು. ಹದಿನಾಲ್ಕನೆಯ ಪ್ರಶ್ನೆ, ಮನೆಯ ಎಲ್ಲರ ಒಟ್ಟು ವಾರ್ಷಿಕ ಆದಾಯ. ಅಂಕಿ ಬರೆದು ಆರು ಕೋಡ್‌ಗಳಲ್ಲಿ ಒಂದನ್ನು ಹಾಕಬೇಕು. ಕೊನೆಯ ಕೋಡ್ ‘ಒಂದು ಲಕ್ಷ ಮತ್ತು ಅದಕ್ಕೂ ಮೇಲೆ’. ಆಗ ವರ್ಷಕ್ಕೆ ಆರಂಕಿಯ ಆದಾಯವೆಂದರೆ ಮುಂದೆ ಕೇಳುವುದಕ್ಕೇನೂ ಇಲ್ಲ ಎಂದು ಫಾರ್ಮ್ ತಯಾರಿಸಿದವರು ತಿಳಿದಿದ್ದರು. ಮೂವತ್ತೆಂಟನೆಯದು ಕೊನೆಯ ಪ್ರಶ್ನೆ: ‘ಈ ಆದಾಯ ನಿಮ್ಮ ಮನೆ ನೆಮ್ಮದಿಯಿಂದ ಇರಲು ಸಾಕೇ?’ ಸಾಕು ಅಂದರೆ 1, ಹೇಗೋ ಸಾಗುತ್ತದೆ ಅಂದರೆ 2, ಸಾಲದು ಅಂದರೆ 3. ಉತ್ತರವನ್ನು ಮನೆಯ ಯಜಮಾನ ಅಥವಾ ಯಜಮಾನಿಯಿಂದಲೇ ಪಡೆಯಬೇಕು. ಮನೆ ಎಂದರೆ ಯಾವುದು ಎಂಬುದಕ್ಕೂ ನಿಯಮವಿತ್ತು. ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ.

ಫಾರ್ಮ್ ನಂಬರ್ 27 ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಸದಾಶಿವಣ್ಣನವರದು. ಆದಾಯ 1,80,000. ಉತ್ತರ 3, ಸಾಲದು. ನಂಬರ್ 31 ದೇಹೂ ರೋಡ್ ಹತ್ತಿರ ತಗಡಿನ ಜೋಪಡಿಯಲ್ಲಿದ್ದ ಶರಣವ್ವನದು. ಯಾದಗಿರಿ ಕಡೆಯವರು; ಆರು ಜನ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಆದಾಯ 1,31,040. ಉತ್ತರ 1, ಸಾಕು.

ಪಾಟೀಲ ಸರ್ ಬೆಳಗಾವಿ ಕಡೆಯವರು. “ಸುನಂದಾ, ಹೋಟೆಲ್ ಮಾಲಕಗ ಸಾಲದು, ಗಾರೆ ಕೆಲಸದವರಿಗೆ ಸಾಕು. ಗಾರೆ ಕೆಲಸದವರು ಮತ್ತ ಲಕ್ಷಾಧೀಶರು. ಇದನ್ನ ಮನ್ಯಾಗ ಚಹಾ ಕುಡಕೋತ ತುಂಬೀಯೇನು?”

ಮನೆಯಲ್ಲೇ ಕೂತು ಸುಳ್ಳು ಫಾರ್ಮ್ ತುಂಬುವುದು ಈ ಕೆಲಸದ ಹಳೆಯ ರೋಗ. ಸಿಕ್ಕಿಬಿದ್ದರೆ ಒಂದಲ್ಲ, ಅಷ್ಟೂ ಫಾರ್ಮ್ ರದ್ದು, ಕೆಲಸವೂ ಹೋಯಿತು.

“ಇಲ್ಲ ಸರ್. ನಾನೇ ಹೋಗಿ ಕೇಳಿದ್ದೀನಿ. ಡೈರಿಯಲ್ಲಿ ಗಂಟೆ ಸಹಿತ ಇದೆ” ಎಂದೆ.

“ಡೈರಿನೂ ಮನ್ಯಾಗೇ ಬರೀತಾರ” ಎಂದರು. “ಗುರುವಾರ ಬ್ಯಾಕ್ ಚೆಕ್ ಮಾಡೋಣ. ನಾನೇ ಬರ್ತೀನಿ.”

ಬ್ಯಾಕ್ ಚೆಕ್ ಅಂದರೆ ಸೂಪರ್‌ವೈಸರ್ ತಾವೇ ಆ ಮನೆಗೆ ಹೋಗಿ ಮುಖ್ಯ ಪ್ರಶ್ನೆಗಳನ್ನು ಮತ್ತೆ ಕೇಳುವುದು. ಇನ್ವೆಸ್ಟಿಗೇಟರ್ ಜೊತೆಗಿರಬಹುದು, ಬಾಯಿ ಬಿಡುವಂತಿಲ್ಲ.

26ರಂದು ಗುರುವಾರ, ಆ ಭಾಗದ ಕೆಲಸಗಳಿಗೆಲ್ಲ ವಾರದ ರಜೆ. ಬೆಳಿಗ್ಗೆ ಹತ್ತು ಹತ್ತಕ್ಕೆ ಸರ್ ಅವರ ಸ್ಕೂಟರ್ ಜೋಪಡಿಗಳ ಮುಂದೆ ನಿಂತಿತು. ಶರಣವ್ವ ಬಾಗಿಲಲ್ಲೇ ರೊಟ್ಟಿ ತಟ್ಟುತ್ತಿದ್ದಳು. ಅರವತ್ತರ ಹೆಂಗಸು, ಇಬ್ಬರು ಸೊಸೆಯಂದಿರಿದ್ದರೂ ಒಲೆ ಬಿಟ್ಟುಕೊಟ್ಟಿರಲಿಲ್ಲ.

“ಬಾ ತಂಗಿ. ಇವತ್ತ ಸಾಹೇಬರನ್ನೂ ಕರಕೊಂಡು ಬಂದಿ. ಬರ್ರಿ ಸಾಹೇಬರ, ಕುಂದರ್ರಿ. ಮಲ್ಲವ್ವಾ, ಚಾಪಿ ಹಾಸು” ಎಂದಳು.

ಹಿರಿಯ ಸೊಸೆ ಮಲ್ಲವ್ವ ಚಾಪೆ ಹಾಸಿ ಅಲ್ಲೇ ಗೋಡೆಗೆ ಒರಗಿ ನಿಂತಳು. ಸರ್ ಮೊದಲು ಎಷ್ಟು ಜನ ಉಣ್ಣುತ್ತೀರಿ ಎಂದು ಕೇಳಿದರು. ಹನ್ನೊಂದು. ನಂತರ ದುಡಿಯುವವರ ಹಾಜರಿ, ಅಂದರೆ ದಿನಗೂಲಿ. ಹಿರಿಯ ಮಗ ಗೋಡೆ ಕಟ್ಟುವ ಗೌಂಡಿ, ನೂರಾಹತ್ತು. ಇನ್ನಿಬ್ಬರು ಮಕ್ಕಳು ಮತ್ತು ಮೈದುನನ ಮಗ, ತಲಾ ಎಪ್ಪತ್ತು. ಸೊಸೆಯಂದಿರು ಐವತ್ತು ಐವತ್ತು. ದಿನಕ್ಕೆ ನಾನೂರ ಇಪ್ಪತ್ತು, ತಿಂಗಳಿಗೆ ಇಪ್ಪತ್ತಾರು ದಿನ, 10,920 ರೂಪಾಯಿ. ನನ್ನ ಫಾರ್ಮಿನ ಅಂಕಿಗೂ ಇದಕ್ಕೂ ಒಂದು ರೂಪಾಯಿ ವ್ಯತ್ಯಾಸವಿರಲಿಲ್ಲ.

“ಅಂದರ ವರ್ಷಕ್ಕ ಒಂದು ಲಕ್ಷ ಮೂವತ್ತೊಂದು ಸಾವಿರ” ಎಂದರು ಸರ್.

ಶರಣವ್ವನ ಕೈ ನಿಂತಿತು. “ಯಾರದ್ರಿ?”

“ನಿಮ್ಮದೇ.”

“ಹ್ಯಾಂಗ್ರಿ ಸಾಹೇಬರ? ಮಳಿಗಾಲಕ್ಕ ಊರಿಗೆ ಹೋಗ್ತೀವಲ್ಲ. ಬಿತ್ತೂದು, ಕಳೆ ತೆಗಿಯೂದು. ದಸರಾ ಮುಗಿಸಿಕೊಂಡು ಬರ್ತೀವಿ. ನಾಕು ತಿಂಗಳು ಇಲ್ಲಿ ಪಗಾರ ಯಾರು ಕೊಡ್ತಾರ?”

ಸರ್ ನನ್ನ ಕಡೆ ತಿರುಗಿದರು. ಮೂವತ್ತೊಂದು ವರ್ಷ ಅಪ್ಪನಿಗೆ ತಿಂಗಳ ಒಂದನೇ ತಾರೀಖಿಗೆ ತಪ್ಪದೆ ಸಂಬಳ ಬಂದ ಮನೆ ನಮ್ಮದು. ವರ್ಷದ ಆದಾಯವೆಂದರೆ ತಿಂಗಳದ್ದನ್ನು ಹನ್ನೆರಡರಿಂದ ಗುಣಿಸುವುದು ಎಂಬುದರಲ್ಲಿ ನನಗೆ ಅನುಮಾನವೇ ಹುಟ್ಟಿರಲಿಲ್ಲ. ಎಷ್ಟು ತಿಂಗಳು ಇಲ್ಲಿರುತ್ತೀರಿ ಎಂದು ಶರಣವ್ವನನ್ನು ನಾನು ಕೇಳಿಯೇ ಇರಲಿಲ್ಲ. ಎಂಟು ತಿಂಗಳಿಗೆ 87,360. ಲಕ್ಷ ದಾಟಿದ ಮನೆ ಚಾಪೆಯ ಮೇಲೆ ಕೂತಲ್ಲೇ ಲಕ್ಷದಿಂದ ಕೆಳಗಿಳಿಯಿತು.

ಸರ್ ಕೋಡ್ ಹೊಡೆದುಹಾಕಿ ಮುಂದಿನದಕ್ಕೆ ಹೋದರು. “ಅಂದರ ಲಕ್ಷನೂ ಇಲ್ಲ. ಇಷ್ಟರಾಗ ನೆಮ್ಮದಿಯಿಂದ ಇರಲಿಕ್ಕೆ ಸಾಕಂತೀಯೇನು?”

“ಸಾಕ್ರಿ” ಎಂದಳು. ರೊಟ್ಟಿ ಹೆಂಚಿಗೆ ಹಾಕಿದಳು. “ನಾಕು ತಿಂಗಳು ಪಗಾರ ಇಲ್ಲದ ಊರಾಗ ಕುಂತು ಉಂಡು ಬಂದೀವಿ. ಮೊದಲ ಹಂಗಿರಲಿಲ್ರಿ. ಕೂಲಿ ಕರಕೊಂಡು ಹೋಗೂ ಮುಕಾದಮನ ಕಡೆ ಮುಂಗಡ ತಗೊಂಡು ಊರಿಗೆ ಹೋಗೂದು, ಬಂದು ಅವ ಹೇಳಿದಲ್ಲೇ ದುಡಿಯೂದು. ಈ ಸಲ ತಗೊಂಡಿಲ್ಲ. ಅವ ಬಂದು ಮುಂಬೈ ಕೆಲಸಕ್ಕ ನಡೀರಿ ಅಂದ. ಒಲ್ಲೆವು ಅಂದ್ವಿ. ಒಲ್ಲೆ ಅನ್ನಲಿಕ್ಕೆ ಬಂತು ನೋಡ್ರಿ, ಅದಕ್ಕ ಸಾಕು ಅಂದೆ.”

“ಯಾರರೆ ಜಡ್ಡು ಬಿದ್ದರ?”

“ಬಿದ್ದಾಗ ಕೇಳ್ರಿ. ನೀವು ಕೇಳಿದ್ದು ಈಗಿಂದು.”

ಸರ್ ‘1’ರ ಸುತ್ತ ಹಸಿರು ಪೆನ್ನಿನಿಂದ ಗುಂಡು ಸುತ್ತುವುದರಲ್ಲಿದ್ದರು. ಗೋಡೆಗೆ ಒರಗಿದ್ದ ಮಲ್ಲವ್ವ ಆಗ ಮೊದಲ ಸಲ ಬಾಯಿ ತೆರೆದಳು. “ಸಾಕು ಅಂದಾಕಿ ಅತ್ತಿ. ಎಲ್ಲಾರ ರೊಕ್ಕ ಇರೂದು ಅತ್ತಿ ಕೈಯಾಗ. ನಮ್ಮನ್ನ ಯಾರೂ ಕೇಳಿಲ್ಲ.”

“ನಿನ್ನ ಕೇಳಿದರ ಏನಂತೀ?” ಎಂದರು ಸರ್.

“ಸಾಲದು ಅಂತೀನ್ರಿ. ಹೆಣ್ಣುಮಕ್ಕಳು ಜಳಕ ಮಾಡಲಿಕ್ಕೆ ನಾಕು ತಗಡಿನ ಮರೆ ಇಲ್ಲ. ಬೆಳಕು ಹರಿಯೂದರಾಗ ಮುಗಿಸಬೇಕು. ವರ್ಷ ಆತು ಹೇಳ್ಲಿಕ್ಕೆ ಹತ್ತಿ.”

“ಸಂಕ್ರಮಣಕ್ಕ ಹಾಕಿಸೂಣು ಅಂದೀನಲ್ಲ” ಎಂದಳು ಶರಣವ್ವ, ರೊಟ್ಟಿ ತಿರುವುತ್ತ.

“ಯಾವ ವರ್ಷದ ಸಂಕ್ರಮಣ ಅಂತ ಅಕ್ಕೋರ ಡೈರಿಯಾಗ ಬರಸು ಅತ್ತಿ.”

ಪಾಟೀಲ ಸರ್ ಜೋರಾಗಿ ನಕ್ಕುಬಿಟ್ಟರು. ಶರಣವ್ವನೂ ನಕ್ಕಳು, ಆದರೆ ಸೊಸೆಯ ಮುಖ ನೋಡಲಿಲ್ಲ. ಸರ್ ‘1’ಕ್ಕೆ ಗುಂಡು ಸುತ್ತಿದರು, ಪಕ್ಕದ ಖಾಲಿ ಜಾಗದಲ್ಲಿ ‘ಸೊಸೆ: 3’ ಎಂದು ಬರೆದರು. ನಮಗಿಬ್ಬರಿಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂತು. ಹೊರಟಾಗ ಹನ್ನೊಂದು ಐವತ್ತು.

ಸ್ಕೂಟರ್ ಹತ್ತಿರ ಬಂದು ಸರ್ ಹೇಳಿದರು: “ಸುಳ್ಳಲ್ಲ ಅಂತ ನಂಬಿದೆ. ಅತ್ತಿ ಸೊಸಿ ಜಗಳ ಮನ್ಯಾಗ ಕೂತು ಬರಿಯಾಕ ಆಗೂದಿಲ್ಲ. ಆದರ ತಪ್ಪು ತಪ್ಪೇ. ಇಂಥಾ ದಿನಗೂಲಿ ಮನಿ ಇನ್ನೆಷ್ಟು ಮಾಡೀ?”

“ಇದೂ ಸೇರಿ ಹನ್ನೊಂದು ಸರ್.”

“ಉಳಿದ ಹತ್ತಕ್ಕೂ ಮತ್ತ ಹೋಗು. ಎಂಟು ದಿನ ಕೊಡ್ತೀನಿ. ಅದಕ್ಕ ರೊಕ್ಕ ಇಲ್ಲ.”

ಅಂದೇ ಮಧ್ಯಾಹ್ನ ಮೂರಕ್ಕೆ ಕ್ಯಾಂಪಿನ ಹೋಟೆಲ್‌ಗೆ ಹೋದೆವು. ಸದಾಶಿವಣ್ಣ ಗಲ್ಲಾದ ಮೇಲೆಯೇ ಕೂತು ಉತ್ತರ ಕೊಟ್ಟರು. “ಲಕ್ಷದ ಎಂಬತ್ತು ಸಾವಿರ ಅಂತ ಬರೆಸಿದ್ದು ನಾನೇ. ಸಾಲುದಿಲ್ಲ ಅಂದದ್ದೂ ನಾನೇ. ಆ ಹುಡುಗಿಯ ತಪ್ಪೇನಿಲ್ಲ ಮಾರಾಯ್ರೆ.”

“ಯಾಕ ಸಾಲೂದಿಲ್ಲ?”

“ಇದನ್ನು ಹತ್ತು ದಿವಸ ಮುಚ್ಚಿದ್ರೆ ಕೆಲಸದವರು ಎದುರಿನವನಲ್ಲಿ, ಗಿರಾಕಿಗಳೂ ಎದುರಿನವನಲ್ಲಿ. ಬಾಡಿಗೆ ಮಾತ್ರ ನನ್ನಲ್ಲೇ. ನಾಲ್ಕು ವರ್ಷ ಆಯ್ತು, ಊರಲ್ಲಿ ಎರಡು ರಾತ್ರಿಗಿಂತ ಹೆಚ್ಚು ಮಲಗ್ಲಿಲ್ಲ.”

ನಾನು ಸುಮ್ಮನಿರಬೇಕಿತ್ತು. ತಡೆಯಲಾಗದೆ, ಯಾರೆಂದು ಹೇಳದೆ, ವರ್ಷಕ್ಕೆ ನಾಲ್ಕು ತಿಂಗಳು ಕೆಲಸ ನಿಲ್ಲಿಸಿ ಊರಿಗೆ ಹೋಗುವವರೂ ಇದ್ದಾರೆ ಎಂದೆ. ಸರ್ ಕಣ್ಣು ಕೆಕ್ಕರಿಸಿದರು.

“ನಾಲ್ಕು ತಿಂಗಳಾ?” ಎಂದರು ಸದಾಶಿವಣ್ಣ. “ಅವರ ಹೋಟ್ಲು ಎಲ್ಲಿದೆ ಮಾರಾಯ್ತಿ? ನಾನೂ ಹೋಗಿ ಕಲಿತೇನೆ.”

ಹತ್ತು ಮನೆಗಳನ್ನು ಮತ್ತೆ ಸುತ್ತಿದೆ. ಹನ್ನೊಂದರಲ್ಲಿ ನಾನು ಲಕ್ಷದ ಮೇಲೆ ಹಾಕಿದ್ದವು ಮೂರು. ತಿಂಗಳು ಕೇಳಿದ ಮೇಲೆ ಮೂರೂ ಕೆಳಗಿಳಿದವು. ಫಾರ್ಮಿನಲ್ಲಿಲ್ಲದ ಇನ್ನೆರಡನ್ನೂ ಕೇಳಿ ನನ್ನ ಡೈರಿಗೆ ಬರೆದುಕೊಳ್ಳತೊಡಗಿದೆ: ದುಡಿಮೆ ನಿಂತರೆ ಎಷ್ಟು ದಿನ ಒಲೆ ಉರಿಯುತ್ತದೆ? ಮತ್ತು, ಹಣ ಯಾರ ಕೈಯಲ್ಲಿಲ್ಲವೋ ಅವರಿಗೆ ಈ ಆದಾಯ ಸಾಕೇ? ಡಿಸೆಂಬರ್ 4ಕ್ಕೆ ಎಲ್ಲ ಒಪ್ಪಿಸಿದೆ. ಜನವರಿಯಿಂದ ಹುದ್ದೆ ಖಾಯಂ ಆಯಿತು. ಮೊದಲ ಸಂಬಳದ ದಿನ ಅಪ್ಪ ಲಕೋಟೆ ಕೈಯಲ್ಲಿ ಹಿಡಿದು, “ಇನ್ನು ಹನ್ನೆರಡರಿಂದ ಗುಣಿಸಬಹುದು” ಎಂದರು.

ಇದು 2007. ಈಗ ನಾನೂ ಸೂಪರ್‌ವೈಸರ್. ಫಾರ್ಮಿನ ಕೊನೆಯ ಕೋಡ್ ಈಗಲೂ ‘ಒಂದು ಲಕ್ಷ ಮತ್ತು ಅದಕ್ಕೂ ಮೇಲೆ’, ಆದರೆ ತಿಂಗಳಿಗೆ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕಂಪನಿಗಳಲ್ಲಿರುವ ಹೊಸ ಫ್ಲಾಟ್‌ಗಳಲ್ಲಿ ಈ ಕೋಡ್ ಬೇಕಾದಷ್ಟು ಸಿಗುತ್ತದೆ. ಇಂಥ ಮೂವತ್ತನಾಲ್ಕು ಮನೆಗಳಲ್ಲಿ ನನ್ನ ಹೆಚ್ಚಿನ ಪ್ರಶ್ನೆಗಳನ್ನೂ ಕೇಳಿದ್ದೇನೆ. ಸಂಬಳ ನಿಂತರೆ ಎರಡು ತಿಂಗಳು ತಳ್ಳುವುದೂ ಕಷ್ಟ ಎಂದವರು ಹದಿಮೂರು; ಫ್ಲಾಟಿನ ಕಂತು, ಕಾರಿನ ಕಂತು. ವರ್ಷ ನಡೆಯುತ್ತದೆ ಎಂದವರು ಒಂಬತ್ತು. ಉಳಿದ ಹನ್ನೆರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯೋಚಿಸಿ ಹೇಳುತ್ತೇವೆ ಎಂದರು. ಅವರಲ್ಲಿ ಐವರು ಆಮೇಲೆ ನಿಜಕ್ಕೂ ಫೋನ್ ಮಾಡಿದರು.

ಆರಂಕಿ ಆದಾಯವಿದ್ದರೆ ನೆಮ್ಮದಿಯೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಅಂಕಿ ಕಡಿಮೆಯಿದ್ದರೂ ಪರವಾಗಿಲ್ಲ ಎಂದು ನಾನು ಹೇಳುವುದಿಲ್ಲ. ಮಲ್ಲವ್ವನ ಮಾತು ಕೇಳಿದ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಹೆಚ್ಚಿದ್ದರೆ ಸಾಕು ಎಂದೂ ಹೇಳುವುದಿಲ್ಲ. ಆ ಹಣ ಎಷ್ಟು ತಿಂಗಳು ಬರುತ್ತದೆ, ಅದರ ಬಲದ ಮೇಲೆ ಯಾವ ಕೆಲಸಕ್ಕೆ ಒಲ್ಲೆ ಎನ್ನಬಹುದು, ಸಾಕು ಎಂದವರು ಮನೆಯಲ್ಲಿ ಯಾರು, ಇಷ್ಟು ತಿಳಿಯದೆ ಉತ್ತರ ಬರೆಯಬಾರದು ಎಂಬುದನ್ನು ಮಾತ್ರ ಈ ಕೆಲಸ ನನಗೆ ಕಲಿಸಿದೆ.

ಒಂದು ವಿಷಯ ನನಗಿನ್ನೂ ಗೊತ್ತಾಗಿಲ್ಲ. 1998ರ ಆ ಸಮೀಕ್ಷೆಯ ಅಂತಿಮ ವರದಿ ನಮ್ಮ ಕೈಗೆ ಬರಲಿಲ್ಲ. ಪಾಟೀಲ ಸರ್ ಮರುವರ್ಷವೇ ಬೇರೆಡೆಗೆ ಹೋದರು. ಕಂಪ್ಯೂಟರಿನಲ್ಲಿ ಮೂವತ್ತೆಂಟನೆಯ ಪ್ರಶ್ನೆಗೆ ಒಂದೇ ಅಂಕಿಯ ಜಾಗವಿತ್ತು. ಫಾರ್ಮ್ ನಂಬರ್ 31ರ ಅಂಚಿನಲ್ಲಿ ಹಸಿರು ಶಾಯಿಯಲ್ಲಿದ್ದ ಸೊಸೆಯ ಉತ್ತರ ಎಲ್ಲಾದರೂ ದಾಖಲಾಯಿತೇ, ಅಥವಾ ಅಂಚಿನಲ್ಲೇ ಉಳಿಯಿತೇ? ಆ ವರ್ಷ ಪುಣೆಯಲ್ಲಿ ಇಂಥ ಫಾರ್ಮ್‌ಗಳನ್ನು ಕಂಪ್ಯೂಟರಿಗೆ ಏರಿಸಿದವರು, ವರದಿ ಕಂಡವರು ಈ ಪತ್ರಿಕೆಯ ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಸಂಪಾದಕರ ಮೂಲಕ ಎರಡು ಸಾಲು ಬರೆಯಿರಿ.