ಇಳಿಜಾರಿನ ಕಲ್ಲುಶಿಲುಬೆ

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಹಳ್ಳಿಯ ಇಳಿಜಾರಿನಲ್ಲಿ ಒಣಹುಲ್ಲು ಹೇರಿದ ಟ್ರ್ಯಾಕ್ಟರ್ ತಟ್ಟನೆ ನಿಂತಿತು. ಹುಲ್ಲಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಇಳಿದು, ದಾರಿಬದಿಯ ಕಲ್ಲುಶಿಲುಬೆ ಮುಟ್ಟಿ, ನಡೆಯತೊಡಗಿದರು. ಒಬ್ಬಳೇ ವಾಕಿಂಗ್ ಬಂದಿದ್ದ ನಾನು ಯಾಕೆಂದು ಕೇಳಿದೆ.

“ಇಲ್ಲೇ ಹುಲ್ಲಿನ ಗಾಡಿ ಮಗುಚಿ, ಮೇಲೆ ಕೂತಿದ್ದ ನಮ್ಮಜ್ಜ ಯೋಹಾನ್ ಸತ್ತದ್ದು. ಅಂದಿನಿಂದ ಊರಿನವರು ಯಾರೂ ಈ ಇಳಿಜಾರಿನಲ್ಲಿ ಹುಲ್ಲಿನ ಮೇಲೆ ಕೂರುವುದಿಲ್ಲ,” ಎಂದರು.

ಕುಂದಾಪುರದಲ್ಲಿ ನನ್ನ ಮುತ್ತಜ್ಜನೂ ಗದ್ದೆಗೆ ನೀರು ಎತ್ತುವಾಗ ಬಾವಿಗೆ ಬಿದ್ದು ಹೋದವರು. ಊರವರು ಬಾವಿಗೆ ಚಪ್ಪಡಿ ಮುಚ್ಚಿ, ಅವರ ಮಾತನ್ನೇ ಎತ್ತದಾದರು. ಅದನ್ನು ಹೇಳಿದಾಗ ಅಜ್ಜಿ ಕೇಳಿದರು: “ಅವರ ಹೆಸರೇನು?”

ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. “ಮನೆಯಲ್ಲಿ ಯಾರೂ ಹೇಳ್ಲೇ ಇಲ್ಲ ಮಗಾ,” ಎಂದರು.

ಈಗಲೂ ಆ ದಾರಿಯಲ್ಲಿ ಹೋದಾಗ ಶಿಲುಬೆಯ ಮುಂದೆ ನಿಲ್ಲುತ್ತೇನೆ. ಯೋಹಾನನ ಹೆಸರು ಬಾಯಿಗೆ ಬರುತ್ತದೆ, ನನ್ನ ಮುತ್ತಜ್ಜನದು ಬರುವುದಿಲ್ಲ.